ಆಲೆಮನೆಗೆ ಬಂದ ಯಂತ್ರ

ಮಂಡ್ಯದ ಸೀಮೆಯಲ್ಲಿ ಆಲೆಮನೆಯೆಂಬುದು ಬೆಲ್ಲ ಕಾಯಿಸುವ ಕೊಟ್ಟಿಗೆ ಮಾತ್ರವಲ್ಲ. ಗಾಣ ತಿರುಗುವ ಕಾಲದಲ್ಲಿ ದಾರಿಹೋಕನೊಬ್ಬನು ಬಾಗಿಲಲ್ಲಿ ನಿಂತರೆ, ಅವನ ಊರುಕೇರಿಗಳನ್ನು ವಿಚಾರಿಸದೆ ಒಂದು ಚೊಂಬು ಕಬ್ಬಿನ ಹಾಲನ್ನೂ ಎಲೆಯ ಮೇಲಷ್ಟು ಬಿಸಿಬೆಲ್ಲವನ್ನೂ ಕೊಟ್ಟು ಕಳುಹಿಸುವುದು ಇಲ್ಲಿಯ ಒಕ್ಕಲುಮಕ್ಕಳ ಧರ್ಮವಾಗಿತ್ತು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಈ ಬಯಲಿಗೆ ಕಬ್ಬು ಬಂದಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಗಿ ಮಂಡ್ಯಕ್ಕೆ ಸಕ್ಕರೆಯ ಪಟ್ಟಣವೆಂಬ ಹೆಸರು ಬಂದಿತು. ಕಾರ್ಖಾನೆಗೆ ಹೋಗದೆ ಉಳಿದ ಕಬ್ಬು ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಂದು ಬೆಲ್ಲದ ಅಚ್ಚಾಯಿತು. ಮಗು ಹುಟ್ಟಿತೆಂಬ ಸುದ್ದಿಗೆ ಬಾಯಿ ಸಿಹಿ ಮಾಡುತ್ತಿದ್ದುದು ಈ ಬೆಲ್ಲದಿಂದಲೇ. ಇಂತಹ ಒಂದು ಆಲೆಮನೆಯೊಳಗೆ ಬಸುರಿಯರನ್ನು ಮಲಗಿಸಿ, ಅವರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಿ, ಹೆಣ್ಣಾದರೆ ಅದನ್ನು ತೆಗೆಸಲು ಕಳುಹಿಸುತ್ತಿದ್ದರೆಂಬ ವರ್ತಮಾನವು ೨೦೨೩ರ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಹೊರಬಿದ್ದಾಗ, ಅದನ್ನು ಅಚ್ಚಿಗೆ ಕೊಡುವಾಗ ನಮ್ಮ ಕೈ ನಡುಗಿತೆಂದರೆ ಅದು ಅತಿಶಯೋಕ್ತಿಯಲ್ಲ.

ಆ ಸಂಗತಿಯನ್ನು ವಾಚಕರು ಮರೆತಿರಲಾರರು. ಆದರೂ ಮರೆವು ನಮ್ಮ ಜನಕ್ಕೆ ಬಲು ಬೇಗ ಬರತಕ್ಕ ರೋಗವಾದುದರಿಂದ ಒಂದಿಷ್ಟು ಜ್ಞಾಪಿಸುತ್ತೇವೆ. ಬೆಂಗಳೂರಿನ ಬೈಯಪ್ಪನಹಳ್ಳಿ ಠಾಣೆಯ ಪೊಲೀಸರು ವಾಹನಗಳನ್ನು ತಪಾಸಣೆ ಮಾಡುತ್ತಿದ್ದಾಗ ಒಂದು ಕಾರಿನ ವಿಷಯದಲ್ಲಿ ಸಂಶಯಪಟ್ಟು ಹಿಂಬಾಲಿಸಿದರು. ಎಳೆಯನ್ನು ಹಿಡಿದೆಳೆಯಲಾಗಿ ಅದು ಮಂಡ್ಯ ಜಿಲ್ಲೆಯ ಆಲೆಮನೆಗೆ ಬಂದು, ಅಲ್ಲಿಂದ ಮೈಸೂರಿನ ಖಾಸಗಿ ಆಸ್ಪತ್ರೆಯವರೆಗೆ ಮುಟ್ಟಿತು. ಹಳ್ಳಿಹಳ್ಳಿಗಳಲ್ಲಿ ದಲ್ಲಾಳಿಗಳು, ಬಸುರಿಯರನ್ನು ಕರೆತರಲು ಕಾರು, ಆಲೆಮನೆಯಲ್ಲಿ ಯಂತ್ರ, ಹೆಣ್ಣೆಂದು ತಿಳಿದರೆ ಮುಂದಿನ ಏರ್ಪಾಡು. ಹೀಗೆ ತೆಗೆಸಿದ ಗರ್ಭಗಳ ಸಂಖ್ಯೆ ಒಂಬೈನೂರರಷ್ಟೆಂದು ಪೊಲೀಸರು ಆಗ ಹೇಳಿದರು. ವೈದ್ಯರನ್ನೂ ಒಳಗೊಂಡು ಹಲವರ ದಸ್ತಗಿರಿಯಾಯಿತು. ಸರ್ಕಾರವು ತನಿಖೆಯನ್ನು ಸಿ.ಐ.ಡಿ.ಗೆ ವಹಿಸಿತು. ಇದರ ಗದ್ದಲ ಅಡಗುವ ಮೊದಲೇ, ೨೦೨೪ರ ಮೇ ತಿಂಗಳಿನಲ್ಲಿ ಪಾಂಡವಪುರದಲ್ಲಿ, ಮತ್ತೆಲ್ಲಿಯೂ ಅಲ್ಲ, ಆರೋಗ್ಯ ಇಲಾಖೆಯ ವಸತಿಗೃಹದೊಳಗೇ ಗರ್ಭಪಾತ ನಡೆಸುತ್ತಿದ್ದರೆಂದು ಅಧಿಕಾರಿಗಳು ರಾತ್ರಿಯಲ್ಲಿ ದಾಳಿಮಾಡಿದರು. ಆಪಾದಿತರ ತಪ್ಪೊಪ್ಪುಗಳನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. ನಾವು ಈ ದಿನ ಬರೆಯಲು ಕುಳಿತಿರುವುದು ಆ ಯಂತ್ರದ ವಿಷಯವಾಗಿ, ಮತ್ತು ಅದನ್ನು ಆಲೆಮನೆಗೆ ಬರಮಾಡಿಕೊಂಡ ನಮ್ಮ ವಿಷಯವಾಗಿ.

ಆ ಯಂತ್ರಕ್ಕೆ ಯಾವ ಪಾಪವೂ ಅಂಟಿಲ್ಲ. ಹಡಗು ಕಟ್ಟುವ ಊರಾದ ಗ್ಲಾಸ್ಗೋ ನಗರದಲ್ಲಿ ಕಬ್ಬಿಣದ ಬೆಸುಗೆಯೊಳಗೆ ಬಿರುಕಿದೆಯೇ ಎಂದು ಕಿವಿಗೆ ಕೇಳದ ಶಬ್ದವನ್ನು ಹಾಯಿಸಿ, ಅದರ ಮಾರ್ದನಿಯಿಂದ ಪರೀಕ್ಷಿಸುವ ಪದ್ಧತಿಯಿತ್ತು. ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯನು, ಕಬ್ಬಿಣದ ಹೊಟ್ಟೆಯನ್ನು ನೋಡತಕ್ಕದ್ದು ಮನುಷ್ಯರ ಹೊಟ್ಟೆಯನ್ನು ಏಕೆ ನೋಡಬಾರದೆಂದು ಯೋಚಿಸಿ, ಸಂಗಡಿಗರೊಡನೆ ೧೯೫೮ರಲ್ಲಿ ಅದರ ಫಲವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಅಂದಿನಿಂದ ಎಷ್ಟು ತಾಯಂದಿರ ಜೀವ ಈ ಶಬ್ದದಿಂದ ಉಳಿದಿದೆಯೆಂಬುದಕ್ಕೆ ಲೆಕ್ಕವಿಲ್ಲ. ಗರ್ಭವು ಚೀಲದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತು ಒಡೆಯುವ ಅಪಾಯ, ಮಾಸು ಕೆಳಗೆ ಬಂದು ಹೆರಿಗೆಯ ದಾರಿಯನ್ನು ಅಡ್ಡಗಟ್ಟುವ ಅಪಾಯ, ಅವಳಿಗಳ ತೊಡಕು, ಇವೆಲ್ಲವನ್ನೂ ಮೊದಲೇ ತಿಳಿಯುವುದು ಇದರಿಂದಲೇ. ಮೊದಲು ಒಂದು ಕೋಣೆಯನ್ನೇ ತುಂಬುತ್ತಿದ್ದ ಯಂತ್ರವು ಈಚೆಗೆ ಕೈಪೆಟ್ಟಿಗೆಯಾಯಿತು. ಈಗಂತೂ ಅಂಗೈಯಲ್ಲಿ ಹಿಡಿದು ಫೋನಿಗೆ ಜೋಡಿಸಿ ನೋಡತಕ್ಕಷ್ಟು ಕಿರಿದಾಗಿದೆ.

ಕಿರಿದಾಗುವುದೇ ಈ ಕಾಲದ ವೈದ್ಯದ ನಡೆ. ಹಿಂದೆ ರೋಗಿಯು ಪರೀಕ್ಷೆಯ ಬಳಿಗೆ ಹೋಗುತ್ತಿದ್ದನು. ಈಗ ಪರೀಕ್ಷೆಯೇ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರುತ್ತದೆ. ಬಸುರಾಗಿರುವುದನ್ನು ನಿಶ್ಚಯಿಸಲು ನೂರು ವರ್ಷಗಳ ಹಿಂದೆ ಮಾಡುತ್ತಿದ್ದುದೇನೆಂದು ಕೇಳಿದರೆ ನಮ್ಮ ವಾಚಕರು ನಗುವರು. ಹೆಂಗಸಿನ ಮೂತ್ರವನ್ನು ಹೆಣ್ಣಿಲಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಅದನ್ನು ಕೊಯ್ದು ಅಂಡಾಶಯವನ್ನು ನೋಡುತ್ತಿದ್ದರು. ೧೯೩೦ರ ಸುಮಾರಿನಿಂದ ಆಫ್ರಿಕದ ಒಂದು ಜಾತಿಯ ಕಪ್ಪೆಗೆ ಚುಚ್ಚಿ, ಅದು ಮೊಟ್ಟೆಯಿಟ್ಟರೆ ಬಸುರು ನಿಜವೆಂದು ಹೇಳುತ್ತಿದ್ದರು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಒಂದು ಪಟ್ಟಿಯು ಐದು ನಿಮಿಷದಲ್ಲಿ ಅದೇ ಉತ್ತರವನ್ನು ಎರಡು ಗೆರೆಗಳಲ್ಲಿ ಬರೆದು ತೋರಿಸುತ್ತದೆ. ‘ನಿಶ್ಚಯ್’ ಎಂಬ ಹೆಸರಿನ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಧರ್ಮಾರ್ಥವಾಗಿ ಹಂಚತಕ್ಕ ಏರ್ಪಾಡನ್ನು ಸರ್ಕಾರವೇ ಮಾಡಿತು. ಅಂಡವು ಬಿಡುಗಡೆಯಾಗುವ ದಿವಸವನ್ನು ಮುಂದಾಗಿ ತಿಳಿಸುವ ಪಟ್ಟಿಯಿದೆ. ಬೆರಳಿನಿಂದ ಒಂದು ತೊಟ್ಟು ರಕ್ತವನ್ನು ತೆಗೆದು ರಕ್ತಹೀನತೆಯನ್ನು ಅಳೆಯುವ ಪುಟ್ಟ ಉಪಕರಣವಿದೆ. ಗಂಡಸಿನ ವೀರ್ಯಾಣುಗಳನ್ನು ಫೋನಿಗೆ ಜೋಡಿಸಿ ಎಣಿಸುವ ಸಾಧನಗಳೂ ಬಂದಿವೆ. ಈ ಕಡೆಯದರ ಮಾತನ್ನು ಮುಂದೆ ಹೇಳುತ್ತೇವೆ; ಅದು ಹೇಳಲೇಬೇಕಾದ ಮಾತು.

ಇವುಗಳಿಂದ ಹೆಚ್ಚು ಉಪಕಾರವಾಗಬೇಕಾದವರು ಯಾರು? ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರತಕ್ಕ ಗೃಹಿಣಿಯಲ್ಲ. ಆಕೆಗೆ ಬೀದಿಗೊಂದು ಆಸ್ಪತ್ರೆಯಿದೆ. ಮಳವಳ್ಳಿ ತಾಲ್ಲೂಕಿನ ಹಲಗೂರು, ಕಿರುಗಾವಲು ಕಡೆಯ ಹಳ್ಳಿಗಳಲ್ಲಿ ಮದುವೆಯಾಗಿ ಆರೇಳು ವರ್ಷ ಕಳೆದರೂ ಮಡಿಲು ತುಂಬದ ಹೆಂಗಸನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಆಕೆಗೆ ವೈದ್ಯರು, ಅಂಡವು ಬಲಿಯುವುದನ್ನು ದಿನಬಿಟ್ಟು ದಿನ ಸ್ಕ್ಯಾನಿಂಗ್‌ನಲ್ಲಿ ನೋಡಬೇಕು, ಹದಿನೆಂಟಿಪ್ಪತ್ತು ಮಿಲಿಮೀಟರಿಗೆ ಬಂದಾಗ ಮುಂದಿನದು, ಎಂದು ಹೇಳುತ್ತಾರೆ. ಹೇಳುವುದು ಸುಲಭ. ತಿಂಗಳಿಗೆ ನಾಲ್ಕೈದು ಸಲ ಬಸ್ಸು ಹತ್ತಿ ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕು. ಆ ದಿನಗಳ ಕೂಲಿ ಹೋಯಿತು. ಬಸ್ಸಿನ ದುಡ್ಡಿನ ಚಿಂತೆ ಸರ್ಕಾರದ ಉಚಿತ ಪ್ರಯಾಣದಿಂದ ತಪ್ಪಿದರೂ ಸ್ಕ್ಯಾನಿಂಗ್‌ನ ದುಡ್ಡಿನ ಚಿಂತೆ ತಪ್ಪಲಿಲ್ಲ. ಇದೆಲ್ಲದರ ಮೇಲೆ ಅತ್ತೆಯ ಮಾತು. ಎರಡು ತಿಂಗಳಿಗೆ ಆಕೆ ಸೋತು, ವೈದ್ಯರನ್ನು ಬಿಟ್ಟು ಹರಕೆಗೂ ತಾಯತಕ್ಕೂ ಶರಣಾಗುತ್ತಾಳೆ. ಅದೇ ಪರೀಕ್ಷೆಯು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿಯೇ ದಿನವೂ ದೊರೆಯುವಂತಿದ್ದರೆ? ಸೌಕರ್ಯವೆಂದರೆ ಇದು. ಯಂತ್ರವು ಕಿರಿದಾದುದು ಇಂತಹವಳಿಗಾಗಿ. ಆದರೆ ಕಿರಿದಾದ ಯಂತ್ರವು ಆಕೆಯ ಬಳಿಗೆ ಬರುವ ಮೊದಲೇ ಆಲೆಮನೆಗೆ ಬಂದುಬಿಟ್ಟಿತು.

ಬಂಜೆತನದ ಮಾತು ಬಂದುದರಿಂದ, ಗಂಡಸರಾದ ನಾವು ಗಂಡಸರಾದ ವಾಚಕರಿಗೆ ಒಂದೆರಡು ಮಾತು ಹೇಳುವ ಅಪ್ಪಣೆಯನ್ನು ಬೇಡುತ್ತೇವೆ. ‘ಬಂಜೆ’ ಎಂಬ ಶಬ್ದವು ನಮ್ಮ ಆಡುಮಾತಿನಲ್ಲಿ ಸ್ತ್ರೀಲಿಂಗವಾಗಿಯೇ ಉಳಿದಿದೆ. ಲೋಕದಲ್ಲಿ ಆರು ಜನರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಸಂತಾನದ ಅಡಚಣೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಹೇಳಿತು. ಅಂತಹ ದಂಪತಿಗಳಲ್ಲಿ ಕಾರಣವು ಗಂಡಸಿನ ಕಡೆಯೂ ಇರತಕ್ಕ ಪ್ರಸಂಗಗಳು ಕಡಮೆಯಲ್ಲ. ಹೆಂಗಸಿನ ಕಡೆಯಷ್ಟೇ ಇವೆಯೆಂದರೂ ನಡೆಯುತ್ತದೆ. ವೀರ್ಯಪರೀಕ್ಷೆಯೆಂಬುದು ಎಲ್ಲ ಪರೀಕ್ಷೆಗಳಲ್ಲಿಯೂ ಅಗ್ಗವಾದುದು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಒಂದು ದಿನದಲ್ಲಿ ಮುಗಿಯುತ್ತದೆ. ಮಿಲಿಲೀಟರಿಗೆ ಒಂದು ಕೋಟಿ ಅರವತ್ತು ಲಕ್ಷ ವೀರ್ಯಾಣುಗಳೆಂಬುದು ಆ ಸಂಸ್ಥೆಯ ೨೦೨೧ರ ಕೈಪಿಡಿಯಲ್ಲಿ ಹೇಳಿರುವ ಕೆಳಗಿನ ಎಲ್ಲೆ. ಆದರೂ ಏನಾಗುತ್ತದೆ? ಹೆಂಡತಿಯನ್ನು ನಾಲ್ಕು ಆಸ್ಪತ್ರೆಗಳಿಗೆ ಅಲೆದಾಡಿಸಿ, ಸಾಲ ಮಾಡಿ, ಚುಚ್ಚುಮದ್ದು ಕೊಡಿಸಿ, ಕಟ್ಟಕಡೆಗೆ ಗಂಡನು ಸೀಸೆಯನ್ನು ಹಿಡಿದು ಪ್ರಯೋಗಶಾಲೆಯ ಬಾಗಿಲಿಗೆ ಹೋಗುತ್ತಾನೆ, ಹೋದರೆ! ಮಾನ ಹೋಗುವುದೆಂಬ ಭಯವುಳ್ಳವರಿಗೆ ಮನೆಯಲ್ಲಿಯೇ ನೋಡಿಕೊಳ್ಳುವ ಉಪಕರಣಗಳು ಬಂದುದು ಒಳ್ಳೆಯದೇ ಆಯಿತು. ಅವು ವೈದ್ಯರ ಪರೀಕ್ಷೆಗೆ ಸರಿಸಮವಲ್ಲವಾದರೂ, ಬಾಗಿಲನ್ನು ದಾಟಿಸುವಷ್ಟು ಧೈರ್ಯವನ್ನು ಕೊಟ್ಟರೆ ಸಾಕು.

ಇನ್ನೊಂದು ಮಾತು. ಮಗುವು ಗಂಡಾಗುವುದೂ ಹೆಣ್ಣಾಗುವುದೂ ತಂದೆಯ ಬೀಜದಿಂದಲೇ ನಿರ್ಣಯವಾಗುತ್ತದೆಯೇ ಹೊರತು ತಾಯಿಯಿಂದಲ್ಲವೆಂಬುದು ೧೯೦೫ರಿಂದೀಚೆಗೆ ವಿಜ್ಞಾನಕ್ಕೆ ತಿಳಿದ ವಿಷಯ. ಇಂದು ಪ್ರೌಢಶಾಲೆಯ ಪುಸ್ತಕದಲ್ಲಿದೆ. ಅದನ್ನು ಓದಿ ತೇರ್ಗಡೆಯಾದವರೇ ಎರಡನೆಯ ಹೆಣ್ಣು ಹುಟ್ಟಿದಾಗ ಬಾಣಂತಿಯ ಕಡೆಗೆ ಮುಖವಿಟ್ಟು ನೋಡದಿರುವುದನ್ನು ನಾವು ಕಂಡಿದ್ದೇವೆ. ಪುಸ್ತಕದ ವಿದ್ಯೆ ಪರೀಕ್ಷೆಯ ಕೊಠಡಿಯಿಂದ ಮನೆಯ ಕೋಣೆಯವರೆಗೆ ನಡೆದುಬರಲಿಲ್ಲ.

ಸಂಖ್ಯೆಗಳನ್ನು ನೋಡೋಣ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಗಳಿಗೆ ಹೆಣ್ಣುಗಳೆಷ್ಟೆಂಬ ಲೆಕ್ಕವು ನಮ್ಮ ರಾಜ್ಯದಲ್ಲಿ ೧೯೯೧ರಲ್ಲಿ ೯೬೦, ೨೦೦೧ರಲ್ಲಿ ೯೪೬, ೨೦೧೧ರಲ್ಲಿ ೯೪೮. ಮಂಡ್ಯ ಜಿಲ್ಲೆಯ ಲೆಕ್ಕವು ಆ ಎರಡು ಕಡೆಯ ಗಣತಿಗಳಲ್ಲಿಯೂ ರಾಜ್ಯದ ಸರಾಸರಿಗಿಂತ ಕೆಳಗಿತ್ತು. ಪ್ರಕೃತಿಯೇ ಗಂಡು ಶಿಶುಗಳನ್ನು ತುಸು ಹೆಚ್ಚಾಗಿ ಹುಟ್ಟಿಸುತ್ತದೆ, ಸಾವಿರಕ್ಕೆ ೯೫೦ರ ಸುಮಾರು ಸಹಜವೇ, ಇದರಲ್ಲಿ ಗಾಬರಿಯೇನೆಂದು ಕೇಳುವ ಅಂಕಿಪಂಡಿತರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವುಂಟು. ಆದರೆ ಸರಾಸರಿಯೆಂಬುದು ಒಂದು ತೆರೆ. ಅದರ ಹಿಂದೆ ಏನು ನಡೆಯುತ್ತದೆಂಬುದು ತೆರೆಯನ್ನು ನೋಡಿದರೆ ತಿಳಿಯದು. ೨೦೧೧ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ದೇಶದ ಕುಟುಂಬಗಳನ್ನು ಬೇರೆ ಬಗೆಯಲ್ಲಿ ವಿಂಗಡಿಸಿ ನೋಡಿತು: ಮೊದಲ ಮಗು ಹೆಣ್ಣಾದ ಮನೆಗಳಲ್ಲಿ ಎರಡನೆಯ ಮಗುವಿನ ಗತಿಯೇನು? ಅಂತಹ ಮನೆಗಳಲ್ಲಿ ಸಾವಿರ ಗಂಡುಗಳಿಗೆ ಹುಟ್ಟಿದ ಹೆಣ್ಣುಗಳು ೧೯೯೦ರಲ್ಲಿ ೯೦೬ ಇದ್ದದ್ದು ೨೦೦೫ಕ್ಕೆ ೮೩೬ಕ್ಕೆ ಇಳಿದಿತ್ತು. ಮೊದಲನೆಯದನ್ನು ದೇವರಿಗೆ ಬಿಟ್ಟು, ಎರಡನೆಯದನ್ನು ಯಂತ್ರಕ್ಕೆ ಒಪ್ಪಿಸುವ ಗೃಹಸ್ಥನು ರಾಕ್ಷಸನಲ್ಲ. ಅವನು ನಮ್ಮ ನಿಮ್ಮಂತೆ ಪತ್ರಿಕೆ ಓದುವವನು, ತೆರಿಗೆ ಕಟ್ಟುವವನು, ಶನಿವಾರ ದೇವಸ್ಥಾನಕ್ಕೆ ಹೋಗುವವನು. ೨೦೨೧ರ ಗಣತಿಯು ಆ ವರ್ಷ ನಡೆಯಲಿಲ್ಲವಾದ ಕಾರಣ, ತೆರೆಯ ಮೇಲಿನ ಅಂಕಿಯೂ ಬಹುಕಾಲ ಹಳೆಯದಾಗಿಯೇ ನಿಂತಿತು.

೨೦೨೩ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಿತು. ಮೂವತ್ತು ದಾಟಿದ ರೈತರ ಮಕ್ಕಳು, ತಮಗೆ ಹೆಣ್ಣು ಕೊಡುವವರಿಲ್ಲವೆಂದು, ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿಯನ್ನು ಮಾದಪ್ಪನಿಗೆ ಹರಕೆಯಾಗಿ ನಡೆದರು. ದೇಶದ ಪತ್ರಿಕೆಗಳೆಲ್ಲ ಅದನ್ನು ವಿನೋದವೆಂದು ಅಚ್ಚುಮಾಡಿದವು. ನಮಗೆ ನಗು ಬರಲಿಲ್ಲ. ಹೆಣ್ಣು ಸಿಗದಿರುವುದಕ್ಕೆ ಕಾರಣಗಳು ಹಲವು: ಓದಿದ ಹುಡುಗಿಯರು ಬೇಸಾಯದ ಮನೆಯನ್ನು ಒಲ್ಲರು, ಬೆಲ್ಲಕ್ಕೂ ಭತ್ತಕ್ಕೂ ಬೆಲೆಯಿಲ್ಲ, ನಗರದ ಸಂಬಳದ ಮೇಲೆ ತಾಯಿತಂದೆಗಳ ಕಣ್ಣು. ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಂದು ಸಾಯಂಕಾಲ ಮದ್ದೂರಿನ ರೈಲು ನಿಲ್ದಾಣದಲ್ಲಿ ನಮ್ಮ ಪಕ್ಕದಲ್ಲಿ ಕುಳಿತ ವೃದ್ಧರೊಬ್ಬರು ತಾವಾಗಿಯೇ ಹೇಳಿದ ಮಾತನ್ನು ಇಲ್ಲಿ ಬರೆಯದಿದ್ದರೆ ನಾವು ವಾಚಕರಿಗೆ ಮೋಸಮಾಡಿದಂತಾದೀತು.

“ಮಗನಿಗೆ ಮೂವತ್ತೆಂಟು ತುಂಬ್ತು ಸ್ವಾಮಿ. ಎರಡೂವರೆ ಎಕ್ರೆ ನೀರಾವರಿ ಐತೆ. ಕುಡಿಯೋ ಚಟ ಇಲ್ಲ. ಎಣ್ಣು ಕೊಡೋರೇ ಇಲ್ಲ” ಎಂದರು.

“ತಮಗೆ ಹೆಣ್ಣುಮಕ್ಕಳೆಷ್ಟು ಯಜಮಾನರೆ?” ಎಂದೆವು.

“ಒಬ್ಳು.” ಸ್ವಲ್ಪ ಹೊತ್ತು ಹಳಿಯ ಕಡೆಗೆ ನೋಡುತ್ತಿದ್ದು, “ಇನ್ನೊಂದು ಆಗ್ಬೇಕಾಗಿತ್ತು. ಬ್ಯಾಡ ಅಂದ್ಕೊಂಡೊ” ಎಂದರು. ರೈಲು ಬಂತು. ಅವರು ಬೇರೆ ಡಬ್ಬಿಗೆ ಹೋಗಿ ಹತ್ತಿದರು.

ಇದು ಯಾವ ನಾಡು? ಬಾಲ್ಯವಿವಾಹವನ್ನು ತಡೆಯಲು ೧೮೯೪ರಲ್ಲಿಯೇ ಕಾನೂನು ಮಾಡಿದ ಮೈಸೂರು. ಸರ್ಕಾರದ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ೧೯೩೦ರಲ್ಲಿ ಆಜ್ಞೆಮಾಡಿದ, ಲೋಕದ ಸರ್ಕಾರಗಳಿಗೆಲ್ಲ ಮೇಲ್ಪಂಕ್ತಿ ಹಾಕಿದ ಮೈಸೂರು. ಹಿಂದೂ ಸ್ತ್ರೀಯರಿಗೆ ಆಸ್ತಿಯ ಹಕ್ಕನ್ನು ೧೯೩೩ರಲ್ಲಿಯೇ ಶಾಸನದಿಂದ ಕೊಟ್ಟ ಮೈಸೂರು. ೧೯೩೮ರ ಏಪ್ರಿಲಿನಲ್ಲಿ ನಿಷೇಧಾಜ್ಞೆಯನ್ನು ಮೀರಿ ಮದ್ದೂರಿನ ಶಿವಪುರದಲ್ಲಿ ಬಾವುಟವನ್ನೇರಿಸಿದ ಮಂಡ್ಯ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂದು ಕರ್ನಾಟಕವು ೧೯೯೪ರಲ್ಲಿ, ಕೇಂದ್ರವು ೨೦೦೫ರಲ್ಲಿ ವಿಧಿಸಿದವು. ಭ್ರೂಣದ ಲಿಂಗವನ್ನು ಪತ್ತೆಮಾಡಬಾರದೆಂಬ ಕಾಯಿದೆಯೂ ಅದೇ ೧೯೯೪ರದು. ಜಾರಿಗೆ ಬಂದುದು ೧೯೯೬ರ ಜನವರಿ ೧ರಂದು. ಮಗಳಿಗೆ ಹೊಲದಲ್ಲಿ ಪಾಲು ಕೊಡುವ ಕಾನೂನೂ, ಆಕೆಗೆ ಹುಟ್ಟುವ ಪಾಲನ್ನು ಕೊಡುವ ಕಾನೂನೂ ಒಂದೇ ವರ್ಷದಲ್ಲಿ ಬಂದುವೆಂಬುದನ್ನು ನಾವು ಆಕಸ್ಮಿಕವೆಂದೇ ತಿಳಿದಿದ್ದೆವು. ಹಳ್ಳಿಗಳಲ್ಲಿ ವಿಚಾರಿಸಿದರೆ, ಮೊದಲನೆಯದಕ್ಕೆ ಹೆದರಿಯೇ ಎರಡನೆಯದನ್ನು ಮುರಿಯುವವರಿದ್ದಾರೆಂದು ತಿಳಿದುಬರುತ್ತದೆ.

ಈ ಕಾಯಿದೆಯು ಹಲ್ಲಿಲ್ಲದ ಹಾವಲ್ಲ. ಮೊದಲ ಅಪರಾಧಕ್ಕೆ ವೈದ್ಯನಿಗೆ ಮೂರು ವರ್ಷಗಳವರೆಗೆ ಸೆರೆ, ಹತ್ತು ಸಾವಿರ ರೂಪಾಯಿಗಳವರೆಗೆ ದಂಡ. ಎರಡನೆಯದಕ್ಕೆ ಐದು ವರ್ಷ, ಐವತ್ತು ಸಾವಿರ. ಅಪರಾಧ ಸ್ಥಿರಪಟ್ಟರೆ ವೈದ್ಯಕೀಯ ಪರಿಷತ್ತಿನ ದಾಖಲೆಯಿಂದ ಐದು ವರ್ಷ ಹೆಸರು ತೆಗೆಯಬೇಕು. ಮತ್ತೆ ಮಾಡಿದರೆ ಶಾಶ್ವತವಾಗಿ. ಪರೀಕ್ಷೆ ಮಾಡಿಸಲು ಬಂದ ಗಂಡನಿಗೂ ಬಂಧುಗಳಿಗೂ ಸೆರೆಯುಂಟು. ಬಸುರಿಯನ್ನು ಮಾತ್ರ, ಆಕೆ ಒತ್ತಾಯಕ್ಕೆ ಸಿಕ್ಕಿದವಳೆಂದು ಭಾವಿಸಿ, ಕಾನೂನು ಕಾಪಾಡುತ್ತದೆ. ಪ್ರತಿಯೊಬ್ಬ ಬಸುರಿಯ ಸ್ಕ್ಯಾನಿಂಗ್‌ಗೂ ‘ಎಫ್’ ನಮೂನೆಯನ್ನು ತುಂಬಬೇಕು. ಅದರಲ್ಲಿ ಕೊರತೆಯಿದ್ದರೆ ಬರಹದ ತಪ್ಪೆಂದು ತಳ್ಳಿಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ತೀರ್ಪಿತ್ತಿದೆ. ಯಂತ್ರವನ್ನು ಮಾರುವವರು ಯಾರಿಗೆ ಮಾರಿದೆವೆಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕು. ಎತ್ತಿಕೊಂಡು ಹೋಗತಕ್ಕ ಯಂತ್ರಗಳಿಗೆ ೨೦೧೨ರಲ್ಲಿ ಬೇರೆ ನಿಯಮವನ್ನೇ ಮಾಡಿದರು: ನೋಂದಾಯಿಸಿದ ಆಸ್ಪತ್ರೆಯೊಳಗೆ ಒಳರೋಗಿಗಳಿಗೋ, ಅಥವಾ ಇತರ ಚಿಕಿತ್ಸೆಗಳನ್ನೂ ಕೊಡತಕ್ಕ ಸಂಚಾರಿ ವೈದ್ಯಕೀಯ ಘಟಕದಲ್ಲಿಯೋ ಮಾತ್ರ ಅವನ್ನು ಉಪಯೋಗಿಸಬಹುದು.

ಎಲ್ಲವೂ ಸರಿ. ಆದರೆ ಈ ಕಾಯಿದೆಯ ಜೀವವಿರುವುದು ಒಂದು ಕಟ್ಟಡದಲ್ಲಿ. ಕಟ್ಟಡಕ್ಕೆ ನೋಂದಣಿ, ಕಟ್ಟಡದ ಗೋಡೆಗೆ ಬೋರ್ಡು, ಕಟ್ಟಡದ ಮೇಜಿನಲ್ಲಿ ರಿಜಿಸ್ಟರು, ಕಟ್ಟಡಕ್ಕೆ ತನಿಖೆಯ ಅಧಿಕಾರಿ. ಬೋರ್ಡು ತೂಗುಹಾಕಿ, ನಮೂನೆ ತುಂಬಿ, ತಿಂಗಳ ಐದನೆಯ ತಾರೀಖಿನೊಳಗೆ ವರದಿ ಕಳುಹಿಸುವ ಪ್ರಾಮಾಣಿಕ ವೈದ್ಯೆಯ ಬಾಗಿಲನ್ನು ಅಧಿಕಾರಿಗಳು ತಟ್ಟುತ್ತಾರೆ, ಏಕೆಂದರೆ ಆಕೆಯ ವಿಳಾಸ ಅವರ ಕಡತದಲ್ಲಿದೆ. ಆಲೆಮನೆಯ ವಿಳಾಸ ಯಾವ ಕಡತದಲ್ಲಿತ್ತು? ಬೋರ್ಡಿಲ್ಲದ ಕಡೆ ತನಿಖೆಯಿಲ್ಲ. ರಿಜಿಸ್ಟರಿಲ್ಲದ ಕಡೆ ತಪ್ಪಿಲ್ಲ. ನೂರಾರು ಬಸುರಿಯರು ಬಂದುಹೋದ ಜಾಗವನ್ನು ಪತ್ತೆಮಾಡಿದವರು ಮಂಡ್ಯದ ಆರೋಗ್ಯಾಧಿಕಾರಿಗಳಲ್ಲ, ಬೆಂಗಳೂರಿನ ರಸ್ತೆಯಲ್ಲಿ ಕಾರು ನಿಲ್ಲಿಸಿದ ಪೇದೆಗಳು ಎಂಬುದನ್ನು ಸಂಬಂಧಪಟ್ಟವರು ತಮ್ಮ ಏಕಾಂತದಲ್ಲಾದರೂ ಮನನಮಾಡಬೇಕು. ಊರಿನವರಿಗೆ ತಿಳಿದಿರಲಿಲ್ಲವೇ? ಆಲೆಮನೆಯಲ್ಲಿ ಬೆಲ್ಲ ಹಾಳಾದರೆ ಮೂರು ಹಳ್ಳಿಗಳಿಗೆ ವಾಸನೆ ಮುಟ್ಟುತ್ತದೆ. ಕಬ್ಬಿನ ಕಾಲವಲ್ಲದ ಕಾಲದಲ್ಲಿಯೂ ಕಾರುಗಳು ಬಂದುಹೋಗುತ್ತಿದ್ದರೆ ಕೇಳುವ ಒಬ್ಬ ಹಿರಿಯನಿರಲಿಲ್ಲವೇ?

ಆದುದರಿಂದ ಕಿರಿದಾದ ಯಂತ್ರಗಳನ್ನೆಲ್ಲ ಕಿತ್ತು ಕೆರೆಗೆ ಎಸೆಯಿರಿ ಎನ್ನುವವರೊಡನೆ ನಾವು ಸೇರುವುದಿಲ್ಲ. ಎಸೆದರೆ ಆಲೆಮನೆಯವನಿಗೆ ನಷ್ಟವಿಲ್ಲ, ಅವನು ಮೊದಲೇ ಕಳ್ಳದಾರಿಯವನು. ನಷ್ಟವಾಗುವುದು ಹಲಗೂರಿನ ಆ ಹೆಂಗಸಿಗೆ, ನಡುರಾತ್ರಿಯಲ್ಲಿ ರಕ್ತಸ್ರಾವವಾಗಿ ಮಳವಳ್ಳಿಯ ಆಸ್ಪತ್ರೆಗೆ ಬರುವ ಬಸುರಿಗೆ. ಕಾಯಿದೆಯ ತೊಡಕಿಗೂ ಕಾಗದದ ಕಾಟಕ್ಕೂ ಬೇಸತ್ತು, ನಮಗೆ ಈ ಯಂತ್ರವೇ ಬೇಡವೆಂದು ಹಿಂಜರಿಯುವ ಸಣ್ಣ ಊರಿನ ವೈದ್ಯರೂ ಇದ್ದಾರೆ. ಅವರು ಬಿಟ್ಟುಕೊಟ್ಟ ಸ್ಥಳವನ್ನು ಯಾರು ತುಂಬಿದರೆಂಬುದು ಈಗ ತಿಳಿಯಿತಷ್ಟೆ. ಗುಟ್ಟಿನ ಯಂತ್ರಕ್ಕೆ ಮದ್ದು ಬಹಿರಂಗದ ಯಂತ್ರ. ಮದ್ದೂರು, ಮಳವಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ವೈದ್ಯರೊಡನೆ ಸ್ಕ್ಯಾನಿಂಗ್ ದಿನವೂ ನಡೆಯಲಿ, ತಿಂಗಳ ೯ನೆಯ ತಾರೀಖಿನ ಬಸುರಿಯರ ಉಚಿತ ತಪಾಸಣೆಯ ದಿನ ಮಾತ್ರವಲ್ಲ. ಸಂತಾನವಿಲ್ಲದವರಿಗೆ ವಾರದಲ್ಲಿ ಒಂದು ಹೊತ್ತು ಮೀಸಲಾಗಿರಲಿ. ಆ ಹೊತ್ತಿನಲ್ಲಿ ಹೆಂಡತಿಯ ಚೀಟಿಯ ಜೊತೆಗೆ ಗಂಡನ ಚೀಟಿಯನ್ನೂ ಬರೆಯಲಿ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಇದರ ಮೇಲ್ವಿಚಾರಣೆ ವಹಿಸಿದರೆ ಹೊಸ ಕಟ್ಟಡವೂ ಬೇಡ, ಶಂಕುಸ್ಥಾಪನೆಯ ಸಮಾರಂಭವೂ ಬೇಡ. ಕಡೆಯದು ಬೇಡವೆಂದುದರಿಂದ ಪ್ರಜಾಪ್ರತಿನಿಧಿಗಳಿಗೆ ಈ ಸಲಹೆ ರುಚಿಸದಿರಬಹುದು.

ಹಾಗೆಯೇ ಮತ್ತೊಂದು ಎಚ್ಚರಿಕೆ. ಭ್ರೂಣಹತ್ಯೆಯ ಮೇಲಿನ ಕೋಪದಲ್ಲಿ ನ್ಯಾಯವಾದ ಗರ್ಭಪಾತದ ಬಾಗಿಲನ್ನು ಮುಚ್ಚಬಾರದು. ೧೯೭೧ರ ಕಾಯಿದೆಯೂ ೨೦೨೧ರ ಅದರ ತಿದ್ದುಪಡಿಯೂ ಹೆಂಗಸರಿಗೆ ಕೊಟ್ಟಿರುವ ಹಕ್ಕು ಬೇರೆ, ಹೆಣ್ಣೆಂಬ ಕಾರಣಕ್ಕೆ ಗರ್ಭವನ್ನು ತೆಗೆಸುವ ಪಾತಕ ಬೇರೆ. ಇವೆರಡನ್ನೂ ಒಂದೇ ಕೋಲಿನಿಂದ ಹೊಡೆದರೆ, ದಿಕ್ಕುಗೆಟ್ಟ ಹೆಣ್ಣುಮಗಳು ಸರ್ಕಾರಿ ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗಿ ಮತ್ತೆ ಆ ದಲ್ಲಾಳಿಯ ಕಾರನ್ನೇ ಹತ್ತಬೇಕಾಗುತ್ತದೆ.

ಯಂತ್ರವು ಇನ್ನೂ ಕಿರಿದಾಗುತ್ತದೆಂಬುದನ್ನು ಅಧಿಕಾರಿಗಳು ಮರೆಯಬಾರದು. ಶಿಶುವಿನ ವಂಶಾಣುಗಳ ಚೂರುಗಳು ತಾಯಿಯ ರಕ್ತದಲ್ಲಿಯೇ ತೇಲುತ್ತಿರುತ್ತವೆಂಬುದು ೧೯೯೭ರಲ್ಲಿ ತಿಳಿದುಬಂದಿತು. ಮೂರನೆಯ ತಿಂಗಳಿನಲ್ಲಿ ತಾಯಿಯ ತೋಳಿನಿಂದ ತೆಗೆದ ಕೊಳವೆ ರಕ್ತದಿಂದ ಕೆಲವು ಘೋರ ನ್ಯೂನತೆಗಳನ್ನು ಮುಂಚಿತವಾಗಿ ಶಂಕಿಸಿ ಪರೀಕ್ಷಿಸುವ ವಿಧಾನವು ಇದರಿಂದ ಹುಟ್ಟಿತು. ಅದು ಅನೇಕ ತಾಯಂದಿರಿಗೆ ಉಪಕಾರಿಯಾಗಿದೆ. ಆದರೆ ಅದೇ ರಕ್ತವು ಗಂಡುಹೆಣ್ಣನ್ನೂ ಹೇಳಬಲ್ಲುದು. ರಕ್ತಪರೀಕ್ಷೆಯೂ ನಮ್ಮ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತದೆ, ನಿಜ. ಆದರೆ ರಕ್ತದ ಕೊಳವೆಗೆ ಆಲೆಮನೆಯೂ ಬೇಡ, ಜೇಬು ಸಾಕು. ಜೇಬಿಗೆ ಬೋರ್ಡು ತೂಗುಹಾಕುವುದೆಂತು?

ನಮ್ಮ ವಾಚಕರಲ್ಲಿ ಬಹುಮಂದಿ ವಕೀಲರು, ಉಪಾಧ್ಯಾಯರು, ಕಛೇರಿಗಳ ನೌಕರರು. ಅವರಿಗೆ ಉಪಯೋಗವಾಗಬಹುದಾದ ಒಂದು ವಿವರವನ್ನು ಹೇಳಿ ಈ ಲೇಖನವನ್ನು ನಿಲ್ಲಿಸುತ್ತೇವೆ. ಪೊಲೀಸರ ವರದಿಯೊಂದರ ಮೇಲೆಯೇ ನ್ಯಾಯಾಲಯವು ಈ ಕಾಯಿದೆಯ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಇದಕ್ಕೆಂದು ನೇಮಕವಾದ ಸಕ್ಷಮ ಪ್ರಾಧಿಕಾರವೇ ಫಿರ್ಯಾದನ್ನು ಕೊಡಬೇಕು. ಪ್ರಾಧಿಕಾರವು ನಿದ್ರಿಸಿದರೆ? ಅದಕ್ಕೂ ೨೮ನೆಯ ಕಲಮಿನಲ್ಲಿ ಏರ್ಪಾಡಿದೆ. ಇಂತಹ ಕಡೆ ಇಂತಹ ಅಪರಾಧ ನಡೆಯುತ್ತಿದೆ, ನಾವು ನ್ಯಾಯಾಲಯಕ್ಕೆ ಹೋಗುತ್ತೇವೆ ಎಂದು ಯಾವ ಪ್ರಜೆಯಾಗಲಿ, ಯಾವ ಸಂಘವಾಗಲಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ, ಹದಿನೈದು ದಿವಸ ಕಾದು, ಆಮೇಲೆ ತಾವೇ ಪ್ರಥಮದರ್ಜೆಯ ಮ್ಯಾಜ಼ಿಸ್ಟ್ರೇಟರ ಮುಂದೆ ಫಿರ್ಯಾದು ಕೊಡಬಹುದು. ಮದ್ದೂರಿನಲ್ಲಿಯೂ ಮಳವಳ್ಳಿಯಲ್ಲಿಯೂ ನ್ಯಾಯಾಲಯವಿದೆ. ನೋಟೀಸಿಗೆ ತಗಲುವ ಖರ್ಚು ಒಂದು ಹಾಳೆ ಕಾಗದ ಮತ್ತು ಅಂಚೆಯ ವೆಚ್ಚ. ಬರೆಯಲು ಬಾರದವರಿಗೆ ಈ ಪತ್ರಿಕೆಯ ಕಛೇರಿಯಲ್ಲಿ ಬರೆದುಕೊಡಲಾಗುವುದು.